ಜೋನ್‌ಗೆ ನಾನು ಕಲಿಸಿದ ಕನ್ನಡ

ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಕೆಡಿಸಿದವನಿಗೆ ಲೋಕದಲ್ಲಿ ಕ್ಷಮೆಯುಂಟು. ಅಡುಗೆಮನೆಯ ನಲ್ಲಿ ರಿಪೇರಿ ಮಾಡಲು ಹೋಗಿ ನಾನು ಮನೆಯನ್ನೇ ಕಲ್ಯಾಣಿ ಮಾಡಿದಾಗ ಹೆಂಡತಿ ಶೈಲಜಾ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಕಾಫಿ ಕೊಟ್ಟಳು. ಕಷ್ಟವಿರುವುದು ಚೆನ್ನಾಗಿ ಗೊತ್ತಿರುವ ಕೆಲಸವನ್ನು, ಗೊತ್ತಿದೆ ಎನ್ನುವ ಹಮ್ಮಿನಿಂದಲೇ ಕೆಡಿಸಿದವನಿಗೆ. ಅವನನ್ನು ಯಾರೂ ಬೈಯುವುದಿಲ್ಲ. ಬೈದಿದ್ದರೆ ಒಂದು ಸಲಕ್ಕೆ ಮುಗಿದುಹೋಗುತ್ತಿತ್ತು. ಬೈಯದೆ ಬಿಟ್ಟಿದ್ದರಿಂದ ಆ ಬೈಯುವ ಕೆಲಸವನ್ನು ನಾನೇ ದಿನವೂ ಸ್ವಲ್ಪ ಸ್ವಲ್ಪವಾಗಿ ಮಾಡಿಕೊಳ್ಳಬೇಕಾಗಿದೆ. ಇಲ್ಲಿ ಹೇಳಹೊರಟಿರುವುದು ಅದನ್ನೇ. ನಾನು ಒಂದು ಟರ್ಮಿನಲ್ಲಿ, ಸರಿಯಾಗಿ ಹೇಳುವುದಾದರೆ ಅರ್ಧ ಟರ್ಮಿನಲ್ಲಿ, ಕನ್ನಡದ ಮೇಷ್ಟ್ರಾಗಿದ್ದೆ.

ಮೆಲ್ಬರ್ನಿನ ಕ್ಲೇಟನ್ ಹತ್ತಿರ ನಮ್ಮ ಮನೆ. ಎರಡು ಬಸ್ ಸ್ಟಾಪು ದಾಟಿದರೆ ಒಂದು ದೊಡ್ಡ ಕಮ್ಯುನಿಟಿ ಕಾಲೇಜಿದೆ. ಈ ಭಾಗದಲ್ಲಿ ಅದರ ಗೇಟು ದಾಟದವರು ಯಾರೂ ಇಲ್ಲ. ನಮ್ಮ ಮನೆಯ ವೈರಿಂಗ್ ಮಾಡಿದವನು ಅಲ್ಲಿ ಕಲಿತವನು, ನಮ್ಮ ಮಗನನ್ನು ಚೈಲ್ಡ್‌ಕೇರಿನಲ್ಲಿ ನೋಡಿಕೊಂಡವಳು ಅಲ್ಲಿ ಕಲಿತವಳು. ಹೊಸದಾಗಿ ಬಂದಿಳಿದವರು ಅಲ್ಲಿ ಇಂಗ್ಲಿಷ್ ಕಲಿಯುತ್ತಾರೆ, ಕೆಲಸ ಕಳೆದುಕೊಂಡವರು ಫೋರ್ಕ್‌ಲಿಫ್ಟ್ ಓಡಿಸಲು ಕಲಿಯುತ್ತಾರೆ, ಗಂಡ ತೀರಿಕೊಂಡ ಅಜ್ಜಿಯರು ಕೇಕಿನ ಮೇಲೆ ಗುಲಾಬಿ ಹೂ ಬಿಡಿಸಲು ಕಲಿಯುತ್ತಾರೆ. ಅಡುಗೆ ಕಲಿಯುವವರು ಬೇಯಿಸಿದ್ದನ್ನು ಅಲ್ಲಿನ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಊರಿನ ವೃದ್ಧರೆಲ್ಲ ಬಂದು ಉಣ್ಣುತ್ತಾರೆ, ಉಪ್ಪು ಹೆಚ್ಚಾದರೆ ಧಾರಾಳವಾಗಿ ಹೇಳುತ್ತಾರೆ. ಇಷ್ಟೆಲ್ಲ ಇದ್ದರೂ ಬಹಳ ವರ್ಷ ನನಗೆ ಆ ಕಾಲೇಜನ್ನು ಕಂಡರೆ ಒಂದು ತಾತ್ಸಾರ. ನಾನು ಮೈಸೂರಿನಲ್ಲಿ ಓದಿದ ಕಾಲಕ್ಕೆ ಕಾಲೇಜಿನ ಘನತೆಯನ್ನು ಅಳೆಯುತ್ತಿದ್ದುದು ಎಷ್ಟು ಜನರಿಗೆ ಸೀಟು ಸಿಗಲಿಲ್ಲ ಎನ್ನುವುದರ ಮೇಲೆ. ಯಾರನ್ನೂ ಬೇಡ ಎನ್ನದ ಕಾಲೇಜು ಎಂಥ ಕಾಲೇಜು? ಹಾಗಂತ ಒಮ್ಮೆ ಬಾಯಿಬಿಟ್ಟು ಅಂದೂ ಬಿಟ್ಟಿದ್ದೆ. ಶೈಲಜಾ ಅದೇ ಕಾಲೇಜಿನ ಅಡ್ಮಿಷನ್ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ ಎನ್ನುವುದು ಆ ಕ್ಷಣಕ್ಕೆ ಮರೆತಿತ್ತು.

ಅದರ ಪ್ರಾಯಶ್ಚಿತ್ತವಾಗಿ ನನ್ನ ತಲೆ ಕೊಡಬೇಕಾಯಿತು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ತಲೆಯನ್ನೇ. ಕ್ಷೌರ ಕಲಿಯುವ ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ತಲೆಗಳು ಸಾಲದು ಎಂದು ಶೈಲಜಾ ನನ್ನದನ್ನು ಬರೆಸಿ ಬಂದಳು. ಒಬ್ಬ ಹುಡುಗಿ ಒಂದೂವರೆ ಗಂಟೆ ನನ್ನ ತಲೆಯನ್ನು ಸುತ್ತಿ ಸುತ್ತಿ, ಪ್ರತಿ ಕೂದಲನ್ನೂ ಪ್ರತ್ಯೇಕವಾಗಿ ವಿಚಾರಿಸಿಕೊಂಡಳು. ಕೊನೆಗೆ ಅವಳ ಟೀಚರ್ ಬಂದು, ಹಿಂದಿನಿಂದ ನೋಡಿ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರು ಅವಳ ಕೆಲಸಕ್ಕೋ ನನ್ನ ತಲೆಗೋ ಎಂದು ಕೇಳುವ ಧೈರ್ಯವಾಗಲಿಲ್ಲ. ಹುಡುಗಿ ಮಾತ್ರ ಪಾಸಾದಳು.

ಇಂಥ ಕಾಲೇಜಿನಿಂದ ಒಂದು ಸಂಜೆ ಶೈಲಜಾ ಸುದ್ದಿ ತಂದಳು. "ರೀ, ಒಬ್ಬರು ಅಜ್ಜಿ ವಾರಕ್ಕೊಂದ್ಸಲ ಕೌಂಟರ್‌ಗೆ ಬಂದು ಕನ್ನಡ ಕ್ಲಾಸ್ ಇದ್ಯಾ ಅಂತ ಕೇಳ್ತಿದ್ರು. ಜೋನ್ ಅಂತ. ಎಂಟು ಜನ ಸೇರಿದ್ರೆ ಕ್ಲಾಸ್ ಓಪನ್ ಮಾಡ್ತೀವಿ ಅಂದಿದ್ವಿ. ಈಗ ಒಂಬತ್ತು ಜನ ಆಗಿದಾರೆ. ಟೀಚರ್ ಬೇಕು. ಶನಿವಾರ ಬೆಳಗ್ಗೆ. ನೀವು ಮಾಡ್ತೀರಾ?"

ನಾನು ಡಾಕ್‌ಲ್ಯಾಂಡ್ಸಿನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಇಪ್ಪತ್ತೆರಡು ವರ್ಷದಿಂದ ಸಂಬಳ ಪಡೆಯುತ್ತಿದ್ದೇನೆ. ಸಾಲದ್ದಕ್ಕೆ ನಮ್ಮ ತಂದೆ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರು. ಅವರ ವಿದ್ವತ್ತು ನನಗೆ ಬರಲಿಲ್ಲ, ಧ್ವನಿ ಬಂತು. ಇಲ್ಲಿನ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಯಾರಾದರೂ 'ಹಾರ್ದಿಕ ಸ್ವಾಗತ'ವನ್ನು 'ಆರ್ದಿಕ ಸ್ವಾಗತ' ಎಂದರೆ ಕೊನೆಯ ಸಾಲಿನಿಂದ ಕೆಮ್ಮುವವನು ನಾನೇ. ಇಂಥವನ ಕೈಗೆ ಬೋರ್ಡೂ ಮಾರ್ಕರೂ ಕೊಟ್ಟರು. ಮೂರು ವಾರ ತಯಾರಿ ನಡೆಸಿದೆ. ಭಾಷೆಯ ಪ್ರಾಚೀನತೆಗೆ ಒಂದು ಪಾಠ, ಅಕ್ಷರಮಾಲೆಗೆ ಎರಡು, ಮಹಾಪ್ರಾಣಕ್ಕೆ ಒಂದು ಇಡೀ ಶನಿವಾರ. ಮಾತನಾಡುವುದನ್ನು ಎರಡನೆಯ ಟರ್ಮಿಗೆ ಇಟ್ಟುಕೊಂಡೆ.

ಮೊದಲ ಶನಿವಾರ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದವರು ಜೋನ್. ಎಪ್ಪತ್ತು ದಾಟಿದ ಹೆಂಗಸು. ಮೂವತ್ತು ವರ್ಷ ಶಾಲೆಯ ಮುಂದೆ ನಿಂತು ಮಕ್ಕಳನ್ನು ರಸ್ತೆ ದಾಟಿಸಿದವರು, ಆ ಕೆಲಸದಿಂದಲೋ ಏನೋ, ಯಾರು ಎದುರಿಗೆ ಬಂದರೂ ಕೈ ಸ್ವಲ್ಪ ಮುಂದಕ್ಕೆ ಚಾಚುತ್ತಿದ್ದರು. ರಘು ಎನ್ನುವ ನನ್ನ ಹೆಸರು ಅವರ ಬಾಯಲ್ಲಿ 'ರಗ್ಗು' ಆಯಿತು. ಹೊದೆಯುವ ರಗ್ಗು. ಅವರೇ ತಮ್ಮ ವಿಷಯ ಹೇಳಿಕೊಂಡರು. ಮಗ ಪೀಟರ್ ಎಲೆಕ್ಟ್ರಿಷಿಯನ್, ಇದೇ ಕಾಲೇಜಿನಲ್ಲಿ ಕಲಿತವನು. ಸೊಸೆ ಅಶ್ವಿನಿ ದಾವಣಗೆರೆಯವಳು, ಈಗ ಬಸುರಿ. ಅವಳ ತಾಯಿ ಗಿರಿಜಮ್ಮ ಬಾಣಂತನಕ್ಕೆಂದು ಆರು ತಿಂಗಳಿಗೆ ಬರುತ್ತಾರೆ. ಆಕೆಗೆ ಇಂಗ್ಲಿಷ್ ಬಾರದು. ಜೋನ್ ಇರುವುದು ಮಗನ ಮನೆಯ ಹಿತ್ತಲಿನ ಚಿಕ್ಕ ಮನೆಯಲ್ಲಿ, ಹಗಲೆಲ್ಲ ಇಬ್ಬರೇ ಎದುರುಬದುರು.

"ಅಷ್ಟು ದೂರದಿಂದ ಬರ್ತಾರೆ. ಸುಮ್ಮನೆ ಮುಖ ನೋಡ್ಕೊಂಡು ಕೂರೋಕಾಗಲ್ಲ, ರಗ್ಗು," ಎಂದು ಜೋನ್ ಇಂಗ್ಲಿಷಿನಲ್ಲಿ ಹೇಳಿ ಒಂದು ಕಾಗದ ಕೊಟ್ಟರು. ಅದರಲ್ಲಿ ದುಂಡು ಅಕ್ಷರದಲ್ಲಿ ಇಂಗ್ಲಿಷಿನ ಹನ್ನೆರಡು ವಾಕ್ಯಗಳಿದ್ದವು. ನಿದ್ದೆ ಬಂತಾ? ಕಾಲು ನೋವಾ? ಇನ್ನೊಂಚೂರು ಹಾಕ್ಕೊಳ್ಳಿ. ನಾನು ಸಹಾಯ ಮಾಡಲಾ? ಊರು ನೆನಪಾಗ್ತಿದೆಯಾ? ಇಂಥವು. ಬಸುರಿ ಸೊಸೆಗೆ ಈ ತೊಂದರೆ ಬೇಡ, ನೀವು ಇವುಗಳನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕು ಎಂದರು.

ಇಪ್ಪತ್ತು ನಿಮಿಷದ ಕೆಲಸ. ನಾನು ಕಾಗದವನ್ನು ಮಡಚಿ ಫೈಲಿನಲ್ಲಿಟ್ಟು, "ಎಲ್ಲ ತಾನಾಗಿ ಬರುತ್ತೆ ಜೋನ್, ಮೊದಲು ಅಡಿಪಾಯ ಆಗಲಿ," ಎಂದೆ. ಆಮೇಲೆ ಬೋರ್ಡಿನ ಮೇಲೆ 'ಅ' ಬರೆದೆ.

ಮೂರನೆಯ ವಾರ 'ಳ'ಕಾರಕ್ಕೂ 'ಲ'ಕಾರಕ್ಕೂ ಇರುವ ವ್ಯತ್ಯಾಸ ಹಿಡಿದೆ. ಆಸ್ಪತ್ರೆಯಲ್ಲಿ ಕನ್ನಡದ ವೃದ್ಧ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ನರ್ಸ್, ನೋವು ಎಲ್ಲಿದೆ ಎಂದು ಕೇಳುವುದು ಹೇಗೆ ಎಂದು ಕಲಿಯಲು ಸೇರಿದ್ದವಳು, ಮುಕ್ಕಾಲು ಗಂಟೆ ನಾಲಿಗೆ ಮಡಚಿ ಮಡಚಿ ಕೊನೆಗೆ ತನ್ನ ಬಾಯಲ್ಲೇ ನೋವು ಎಂದು ಎದ್ದು ಹೋದಳು, ಮರಳಿ ಬರಲಿಲ್ಲ. ಕನ್ನಡದ ಹುಡುಗಿಯನ್ನು ಮದುವೆಯಾಗಲಿದ್ದ ಒಬ್ಬ ಯುವಕ ನಾಲ್ಕನೆಯ ವಾರ ಬಿಟ್ಟ. ಮದುವೆ ನಿಂತಿತೇ ಎಂದು ಕಾಳಜಿಯಿಂದ ವಿಚಾರಿಸಿದೆ. ಇಲ್ಲವಂತೆ, ಕ್ಲಾಸ್ ಮಾತ್ರ ಬಿಟ್ಟನಂತೆ. ಇವರಿಗೆಲ್ಲ ಶ್ರದ್ಧೆಯಿಲ್ಲ ಎಂದು ನಾನು ಊಟದ ಹೊತ್ತಿಗೆ ಶೈಲಜಾಳ ಮುಂದೆ ಹೇಳಿಕೊಂಡೆ.

"ಶ್ರದ್ಧೆ ಇರ್ಲಿ, ಜೋನ್‌ಗೆ ಊಟ ಆಯ್ತಾ ಅನ್ನೋದನ್ನ ಹೇಳ್ಕೊಟ್ರಾ?" ಎಂದಳು.

"ಬಾಯಿಪಾಠ ಮಾಡಿಸೋಕೆ ನಾನೇನು ಗಿಣಿ ಸಾಕಿದೀನಾ? ಭಾಷೆ ಅಂದ್ರೆ ಒಂದು ವ್ಯವಸ್ಥೆ ಶೈಲೂ."

"ಆ ಅಮ್ಮ ಬರೋಕೆ ಇನ್ನು ಒಂದೂವರೆ ತಿಂಗಳಷ್ಟೇ ಇರೋದು," ಎಂದಷ್ಟೇ ಹೇಳಿ ಅವಳು ತಟ್ಟೆ ಎತ್ತಿಕೊಂಡಳು. ಅಲ್ಲಿಗಾದರೂ ನನಗೆ ತಿಳಿಯಬೇಕಿತ್ತು.

ಜೋನ್ ಮಾತ್ರ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಮಹಾಪ್ರಾಣ ಬರಲೆಂದು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಊದುತ್ತಿದ್ದರು. ಬಸ್ಸಿನಲ್ಲಿ ಅಭ್ಯಾಸ ಮಾಡುವಾಗ ಪಕ್ಕದವರು ಉಸಿರಾಟದ ತೊಂದರೆಯೆಂದು ಎದ್ದು ಜಾಗ ಬಿಟ್ಟರಂತೆ. ಪ್ರತಿ ವಾರ ಕ್ಲಾಸ್ ಮುಗಿದ ಮೇಲೆ, "ನನ್ನ ಲಿಸ್ಟು ಯಾವಾಗ, ರಗ್ಗು?" ಎಂದು ಕೇಳುತ್ತಿದ್ದರು. ನಾನು ಪ್ರತಿ ವಾರ ನಗುತ್ತಿದ್ದೆ. ಆರನೆಯ ವಾರದ ಹೊತ್ತಿಗೆ ವಿಭಕ್ತಿ ಪ್ರತ್ಯಯಗಳಿಗೆ ಬಂದಿದ್ದೆವು. ಷಷ್ಠಿಯವರೆಗೆ ಮುಗಿಸಿ ತಲೆಯೆತ್ತಿ ನೋಡಿದರೆ ಎದುರಿಗಿದ್ದವರು ನಾಲ್ಕು ಜನ. ಸೋಮವಾರ ಕಾಲೇಜಿನಿಂದ ಫೋನು ಬಂತು. ಬಹಳ ವಿನಯದ ಧ್ವನಿ. ಸಂಖ್ಯೆ ಸಾಲದ್ದರಿಂದ ಕ್ಲಾಸನ್ನು ನಿಲ್ಲಿಸುತ್ತಿದ್ದೇವೆ, ನಿಮ್ಮ ಪಾಂಡಿತ್ಯ ನಮಗೆಲ್ಲ ಬೆರಗು ತಂದಿದೆ ಎಂದಿತು. ನಾನು ಆ ಎರಡನೆಯ ಮಾತನ್ನೇ ಹಿಡಿದುಕೊಂಡು ಒಂದು ವಾರ ಓಡಾಡಿದೆ. ಯಾರನ್ನೂ ಬೇಡ ಎನ್ನದ ಕಾಲೇಜಿನಿಂದ ಜನರನ್ನು ಹೊರಗೆ ಕಳಿಸಿದವನು ನಾನು ಎಂಬುದು ಹೊಳೆಯಲಿಲ್ಲ.

ನಾಲ್ಕೈದು ತಿಂಗಳು ಕಳೆದ ಮೇಲೆ ಜೋನ್ ಶೈಲಜಾಳ ಕೌಂಟರಿಗೆ ಬಂದು, ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ನಮ್ಮಿಬ್ಬರನ್ನೂ ಕರೆದರು. ಅಶ್ವಿನಿಗೆ ಸಿಸೇರಿಯನ್ ಆಗಿ, ಗಾಯ ಬೇಗ ಮಾಯದೆ, ಶಾಸ್ತ್ರ ತಡವಾಗಿತ್ತು. ಹೋದೆವು. ಗಿರಿಜಮ್ಮ ತೆಳ್ಳಗಿನ, ಚುರುಕು ಹೆಂಗಸು. ಜೋನ್ ನನ್ನ ಕೈ ಹಿಡಿದು ಅವರೆದುರು ನಿಲ್ಲಿಸಿ, ಇವರೇ ನನ್ನ ಟೀಚರ್ ಎಂದು ಸನ್ನೆ ಮಾಡಿದರು. ಗಿರಿಜಮ್ಮನ ಕಣ್ಣರಳಿತು. ಟೀಚರ್ ಎದುರಿಗಿದ್ದಾರೆಂಬ ಹುಮ್ಮಸ್ಸಿಗೆ ಜೋನ್ ನೆಟ್ಟಗೆ ನಿಂತು ಶುರುಮಾಡಿದರು. "ರಾಮನು. ರಾಮನನ್ನು. ರಾಮನಿಂದ. ರಾಮನಿಗೆ. ರಾಮನ ದೆಸೆಯಿಂದ. ರಾಮನ."

ಗಿರಿಜಮ್ಮ ಸೆರಗು ಹೊದ್ದು ಕೈಮುಗಿದರು.

ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ನಗು ಮುಗಿದ ಮೇಲೆ ಗಿರಿಜಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ದೊಡ್ಡ ದೈವಭಕ್ತಿ ಇವ್ರಿಗೆ, ಅಲ್ವೇನ್ರಿ ಸಾರ್? ನಾ ಬಂದಾಗ್ಲಿಂದ ದಿನಾ ಬೆಳಿಗ್ಗೆ ಇದನ್ನೇ ಹೇಳ್ತಾರೆ. ಬೇರೆ ಒಂದ್ ಮಾತು ಆಡಲ್ಲ."

ನಾನು ಕೈಯಲ್ಲಿದ್ದ ಮಂಡಕ್ಕಿಯ ತಟ್ಟೆಯನ್ನು ಅಲ್ಲೇ ಇಟ್ಟೆ. ಜೋನ್ ಹತ್ತಿರ ಹೋಗಿ, ಈ ವಾರದಿಂದಲೇ ಮನೆಗೆ ಬಂದು ಆ ಹನ್ನೆರಡು ವಾಕ್ಯ ಹೇಳಿಕೊಡುತ್ತೇನೆ ಎಂದೆ. ಜೋನ್ "ಗುರುವಾರ ಅವರ ಫ್ಲೈಟು," ಎಂದರು. ಆರು ತಿಂಗಳಿಗೆ ಬಂದವರು ನಾಲ್ಕು ತಿಂಗಳಿಗೇ ಹೊರಟಿದ್ದರು. ಊರು ನೆನಪಾಗುತ್ತಿದೆ ಎಂದು ಮಗಳಿಗೆ ಹೇಳಿ ತಾವೇ ಟಿಕೆಟನ್ನು ಎರಡು ತಿಂಗಳು ಮುಂಚಿತವಾಗಿ ಮಾಡಿಸಿಕೊಂಡಿದ್ದರಂತೆ.

ಮಂಗಳವಾರ ಆಫೀಸಿಗೆ ರಜೆ ಹಾಕಿ ಹೋದೆ. ಮಗು ಮತ್ತು ಅಶ್ವಿನಿ ಒಳಗೆ ಮಲಗಿದ್ದರು, ಪೀಟರ್ ಕೆಲಸಕ್ಕೆ ಹೋಗಿದ್ದ. ಅಡುಗೆಮನೆಯ ಮೇಜಿನ ಈಚೆ ಜೋನ್, ಆಚೆ ಗಿರಿಜಮ್ಮ, ನಡುವೆ ದುಭಾಷಿಯಾಗಿ ನಾನು. ಮೊದಮೊದಲು ಎಂಥದೋ ಸಂಕೋಚ. ಮಗುವಿನ ತೂಕ, ಚಳಿ, ದಾವಣಗೆರೆಯ ಬಿಸಿಲು ಎಲ್ಲ ಆಯಿತು. ಅಭ್ಯಾಸಬಲದಿಂದ ನಾನು ಗಿರಿಜಮ್ಮನ ಒಂದು ಮಾತನ್ನು ಅನುವಾದಿಸುವ ಮೊದಲು ಅವರ 'ಹ'ಕಾರದ ಬಗ್ಗೆ ಜೋನ್‌ಗೆ ವಿವರಿಸತೊಡಗಿದ್ದೆ. "ನೀವು ನಾನ್ ಹೇಳಿದ್ದಷ್ಟು ಹೇಳ್ರಿ ಮೇಷ್ಟ್ರೇ," ಎಂದು ಅವರು ಮಧ್ಯದಲ್ಲೇ ತಡೆದರು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿದರು.

"ಹೋಗೋ ಮುಂದೆ ಒಂದ್ ಮಾತು ಕೇಳ್ಬೇಕು. ನಾನು ಇವ್ರ ಒಲೆ ಮುಟ್ಟಿದ್ರೆ ಇವ್ರಿಗೆ ಅಸಹ್ಯನಾ?"

"ಅಸಹ್ಯನಾ? ಯಾಕಮ್ಮ?"

"ನಾನು ಒಗ್ಗರಣೆ ಹಾಕಿ ಈ ಕಡೆ ತಿರುಗೋದ್ರೊಳಗೆ ಬಟ್ಟೆ ಹಿಡ್ಕೊಂಡು ಬಂದು ಒಲೆ ಒರೆಸ್ತಾರೆ. ಕಿಟಕಿ ತೆಗೀತಾರೆ. ದಿನಾ ಹಂಗೇ. ಮಗಳಿಗೆ ಹೇಳಿದ್ರೆ ಅವಳಿಗೆ ನೋವಾಗುತ್ತೆ, ಬಾಣಂತಿ ಬೇರೆ. ಅದಕ್ಕೇ ಊರ್ ನೆನಪಾತು ಅಂದೆ."

ಹೇಳಿದ್ದಷ್ಟನ್ನೇ ಹೇಳಿದೆ. ಜೋನ್ ಕಪ್ಪನ್ನು ಕೆಳಗಿಟ್ಟರು. "ಅವರಿಗೆ ಮಂಡಿ ನೋವು ಅಂತ ಅಶ್ವಿನಿ ಹೇಳಿದ್ದಳು. ಅಡುಗೆ ಮಾಡಿ ಮತ್ತೆ ನಿಂತು ಒರೆಸೋದು ಯಾಕೆ ಅಂತ ನಾನು ಒರೆಸ್ತಿದ್ದೆ. ಕಿಟಕಿ... ಹೊಗೆಗೆ ಅಲಾರಂ ಹೊಡೆದರೆ ಮಗು ಏಳುತ್ತೆ ಅಂತ." ಮತ್ತೆ ಹೇಳಿದರು, "ನನ್ನ ಕಂಡರೆ ಅವರಿಗೆ ಆಗಲ್ಲ ಅಂತ ನಾನು ಅಂದ್ಕೊಂಡಿದ್ದೆ, ರಗ್ಗು. ನಾನು ಬಂದು ಕೂತ ಕೂಡಲೇ ಅವರು ಎದ್ದು ಒಳಗೆ ಹೋಗ್ತಿದ್ದರು."

ಅದನ್ನು ಕನ್ನಡಕ್ಕೆ ತಂದಾಗ ಗಿರಿಜಮ್ಮ ಹಣೆಗೆ ಕೈ ಹಚ್ಚಿಕೊಂಡರು. "ಅಯ್ಯೋ ಶಿವನೇ! ಗಂಡಿನ ತಾಯಿ ಬಂದ್ರೆ ಹೆಣ್ಣಿನ ಕಡೆಯವ್ರು ಕುಂತೇ ಇರೋಕಾಗುತ್ತೇನ್ರಿ? ಬೀಗರು ಅಂತ ಮರ್ಯಾದೆ ಕೊಟ್ನಲ್ರೀ ನಾನು!"

ನಾಲ್ಕು ತಿಂಗಳು ಒಬ್ಬರು ಮರ್ಯಾದೆಗೆ ಎದ್ದು ಹೋಗಿದ್ದರು, ಇನ್ನೊಬ್ಬರು ಕರುಣೆಯಿಂದ ಒಲೆ ಒರೆಸಿದ್ದರು. ನಡುವೆ ಬೇಕಾಗಿದ್ದದ್ದು 'ನಾನು ಸಹಾಯ ಮಾಡಲಾ' ಎಂಬ ಮೂರು ಪದ. ಅದು ನನ್ನ ಫೈಲಿನಲ್ಲಿತ್ತು. ಆಮೇಲೆ ನನ್ನ ಅಗತ್ಯ ಅವರಿಗೆ ಹೆಚ್ಚು ಬೀಳಲಿಲ್ಲ. ಗಿರಿಜಮ್ಮ ಜೋನ್‌ರ ಅಂಗೈಯನ್ನು ತಮ್ಮ ಮಂಡಿಯ ಮೇಲಿಟ್ಟು ಇಲ್ಲಿ, ಇಲ್ಲಿ ಎಂದು ತೋರಿಸಿದರು. ಜೋನ್ ಎದ್ದು ಹೋಗಿ ತಮ್ಮ ಮನೆಯಿಂದ ಒಂದು ಹಳೆಯ ಫೋಟೋ ತಂದರು. ಬಸ್ಸಿನ ಮುಂದೆ ಯೂನಿಫಾರ್ಮಿನಲ್ಲಿ ನಿಂತ ಅವರ ಗಂಡ. ಗಿರಿಜಮ್ಮ ಅದನ್ನು ನೋಡಿ, ನೋಡಿ, ತಮ್ಮ ಗಂಡನೂ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರೆಂದೂ ಹೋಗಿ ಒಂಬತ್ತು ವರ್ಷವಾಯಿತೆಂದೂ ಹೇಳಿದರು. ಆ ಎರಡು ವಾಕ್ಯ ಅನುವಾದಿಸಿ ನಾನು ಎದ್ದು, ಕಿಟಕಿಯ ಹತ್ತಿರ ಹೋಗಿ, ಹಿತ್ತಲಲ್ಲಿ ಒಣಹಾಕಿದ್ದ ಮಗುವಿನ ಬಟ್ಟೆಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಅಂದು ಸಂಜೆ ಪೀಟರ್ ಟಿಕೆಟ್ ಮುಂದೂಡಲು ಯತ್ನಿಸಿದನಂತೆ. ಆದರೆ ಊರಿನಲ್ಲಿ ಅಕ್ಕ ಬರುತ್ತಾಳೆಂದು ಗಿರಿಜಮ್ಮನ ತಮ್ಮ ಆ ಭಾನುವಾರಕ್ಕೇ ತನ್ನ ಮಗಳ ನಿಶ್ಚಿತಾರ್ಥ ಗೊತ್ತುಮಾಡಿ ಎಲ್ಲರನ್ನೂ ಕರೆದಾಗಿತ್ತು. "ಮೊದ್ಲೇ ತಿಳಿದಿದ್ರೆ ಹೋಗ್ತಿರ್ಲಿಲ್ಲ," ಎಂದು ಏರ್‌ಪೋರ್ಟಿನಲ್ಲಿ ಗಿರಿಜಮ್ಮ ಮಗಳ ಹತ್ತಿರ ಹೇಳಿದರಂತೆ. ಊರು ಸೇರಿ ಕೆಲವು ವಾರಕ್ಕೆ ಮಂಡಿಯ ಆಪರೇಷನ್ ಆಯಿತು. ಇನ್ನು ಅಷ್ಟು ದೂರದ ಪ್ರಯಾಣ ಬೇಡ ಎಂದು ಡಾಕ್ಟರ್ ಹೇಳಿದ್ದಾರೆ. ಮಗುವಿಗೆ ಅಜ್ಜಿಯ ಜೊತೆ ಸಿಗಬೇಕಿದ್ದ ಆ ಎರಡು ತಿಂಗಳನ್ನು ವಾಪಸು ತರುವ ಯಾವ ಉಪಾಯವೂ ನನಗೆ ತಿಳಿದಿಲ್ಲ. ಜೋನ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕ್ರಿಸ್‌ಮಸ್‌ಗೆ ಕೇಕು ಕಳಿಸಿದರು. ಅದರ ಮೇಲೆ ಗುಲಾಬಿಯಿತ್ತು, ನಮ್ಮ ಕಾಲೇಜಿನ ಗುಲಾಬಿ. ನನಗೆ ಒಂದು ಚೂರೂ ತಿನ್ನಲಾಗಲಿಲ್ಲ.

ಹೊಸ ವರ್ಷಕ್ಕೆ ಕಾಲೇಜು ಕನ್ನಡ ಕ್ಲಾಸನ್ನು ಮತ್ತೆ ತೆರೆಯಿತು. ಟೀಚರ್ ಶೈಲಜಾ. ಅವಳ ಹತ್ತಿರ ಪಠ್ಯವಿಲ್ಲ, ಬೋರ್ಡನ್ನು ಮುಟ್ಟುವುದೂ ಇಲ್ಲ. ಬಂದವರನ್ನು ನಿಮಗೆ ಯಾರ ಹತ್ತಿರ ಏನು ಮಾತಾಡಬೇಕು ಎಂದು ಕೇಳುತ್ತಾಳೆ, ಅದನ್ನು ಕಲಿಸುತ್ತಾಳೆ. ಹದಿನೇಳು ಜನ ಸೇರಿದ್ದಾರೆ. ಜೋನ್ ಮತ್ತೆ ಮುಂದಿನ ಬೆಂಚಿನಲ್ಲಿದ್ದಾರೆ, ಬಾಯಿನೋವೆಂದು ಓಡಿದ್ದ ನರ್ಸ್ ಮರಳಿ ಬಂದಿದ್ದಾಳೆ. ನನಗೂ ಅಲ್ಲಿ ಒಂದು ಹುದ್ದೆಯಿದೆ. ಕ್ಲಾಸಿನ ಮಧ್ಯೆ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸುತ್ತಾರೆ. ನಾನು ಅಂದಿನ ಪಾಠಕ್ಕೆ ತಕ್ಕಂತೆ ಒಮ್ಮೆ ಅತ್ತೆ, ಒಮ್ಮೆ ರೋಗಿ, ಒಮ್ಮೆ ತರಕಾರಿ ಅಂಗಡಿಯವ. ಹದಿನೇಳು ಜನ ಸರದಿಯಲ್ಲಿ ಬಂದು ಊಟ ಆಯ್ತಾ ಎಂದು ಕೇಳುತ್ತಾರೆ, ನಾನು ಹದಿನೇಳು ಸಲ ಆಯ್ತು ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಮಾತನಾಡುವ ಅಧಿಕಾರ ನನಗಿಲ್ಲ.

ಹೋದ ಶನಿವಾರ ಕ್ಲಾಸ್ ಮುಗಿಯುವ ಹೊತ್ತಿಗೆ ಜೋನ್ ಎಲ್ಲರೆದುರು ಗಿರಿಜಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ದಾವಣಗೆರೆಯಲ್ಲಿ ಆಗಷ್ಟೇ ಬೆಳಗಾಗಿತ್ತು. ಗಿರಿಜಮ್ಮ ಬಚ್ಚಲಿನಿಂದ ಬಂದವರು ಒದ್ದೆ ಮುಖದಲ್ಲೇ ಫೋನು ಹಿಡಿದರು. ನಿದ್ದೆ ಬಂತಾ, ಕಾಲು ಹೇಗಿದೆ, ಎಲ್ಲ ಆಯಿತು. ಆಮೇಲೆ ಜೋನ್ ಉಸಿರು ತೆಗೆದುಕೊಂಡು, ತಾವೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ದೊಡ್ಡ ಸುದ್ದಿಯನ್ನು ಹೇಳಿದರು. "ಗಿರಿಜಾ, ನಾನು ಮಗು ಅಶ್ವಿನಿ, ಹೋದ ತಿಂಗಳು ನಿಮ್ಮ ಮನೆ ಬರ್ತೀನಿ!"

ಹೋದ ತಿಂಗಳಲ್ಲ, ಬರುವ ತಿಂಗಳು. ಬರ್ತೀನಿ ಅಲ್ಲ, ಬರ್ತೀವಿ. ಮನೆ ಅಲ್ಲ, ಮನೆಗೆ, ಚತುರ್ಥೀ ವಿಭಕ್ತಿ. ಒಂದೇ ವಾಕ್ಯದಲ್ಲಿ ಮೂರು ತಪ್ಪು. ನನ್ನ ಬಾಯಿ ತಾನಾಗಿ ತೆರೆಯಿತು.

"ಬಾರವ್ವಾ, ಬಾ!" ಎಂದು ಫೋನಿನೊಳಗಿನಿಂದ ಗಿರಿಜಮ್ಮ ಕೂಗಿ, ಅಳತೊಡಗಿದರು. ಜೋನ್ ಕೂಡ. ಶೈಲಜಾ ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಯಿ ಮುಚ್ಚಿಕೊಂಡು, ಕುರ್ಚಿಯಿಂದೆದ್ದು ಹೊರಗಿನ ಕಾರಿಡಾರಿಗೆ ಬಂದು, ಗೋಡೆಯ ಕಡೆ ಮುಖ ಮಾಡಿ ಆ ಮೂರೂ ತಪ್ಪುಗಳನ್ನು ಮೆಲ್ಲಗೆ, ಸ್ಪಷ್ಟವಾಗಿ ತಿದ್ದಿದೆ. ಪಕ್ಕದ ಕ್ಲಾಸಿನಿಂದ ಹೊರಬಂದ ಒಬ್ಬಳು ನಿಂತು, ಏನಾದರೂ ತೊಂದರೆಯೇ ಎಂದು ಕೇಳಿದಳು. ಏನಿಲ್ಲ ಎಂದೆ. ಅವಳು ನಂಬಲಿಲ್ಲ. ಆ ಕೋಣೆಯಲ್ಲಿ ವೃದ್ಧರನ್ನು ನೋಡಿಕೊಳ್ಳುವ ತರಬೇತಿ ಕೊಡುತ್ತಾರಂತೆ. ನನ್ನ ತೋಳು ಹಿಡಿದು, ನಿಧಾನವಾಗಿ, ಬಹಳ ಜಾಗ್ರತೆಯಿಂದ ಬೆಂಚಿನ ಮೇಲೆ ಕೂರಿಸಿ, ನೀರು ತಂದುಕೊಟ್ಟಳು.